ಬ್ಲೋವರ್ ನಿಂತು ನಿಂತು ಓಡ್ತಿದೆಯಾ? ಮೋಟರ್ ಈಗಲೇ ಕೊಳ್ಳಬೇಡಿ

ಕಾರಿನ ಬ್ಲೋವರ್‌ಗೆ (ಹೀಟರ್, ಎಸಿ ಗಾಳಿ ಊದೋ ಫ್ಯಾನ್) ಒರಿಜಿನಲ್ ಮೋಟರ್ ತರಲಾ, ಲೋಕಲ್ ಸಾಕಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಒರಿಜಿನಲ್ಲೂ ಬೇಡ, ಲೋಕಲ್ಲೂ ಬೇಡ. ಮಡಿಕೇರಿಯ ಬೆಳಗಿನ ಚಳಿಗೆ ಹೀಟರ್ ಹಾಕಿದರೆ ನಿಮ್ಮ 2007ರ ಕಾರಿನ ಬ್ಲೋವರ್ ಸ್ವಲ್ಪ ಹೊತ್ತು ಓಡಿ ನಿಲ್ಲುತ್ತೆ, ಹಂಪ್ ಬಂದಾಗ ತಾನೇ ಶುರುವಾಗುತ್ತೆ, ಮೆಕ್ಯಾನಿಕ್ ಮೋಟರ್ ಹೋಗಿದೆ ಅಂದಿದ್ದಾರೆ, ಅಲ್ವಾ? ನನ್ನ ಹಳೆ ಹ್ಯಾಚ್‌ಬ್ಯಾಕ್‌ದೂ ಇದೇ ಕತೆ. ಹೊಸ ಮೋಟರ್ ಹಾಕಿಸಿದ್ದಾಯ್ತು, ಕೆಲವೇ ದಿನಕ್ಕೆ ಮತ್ತೆ ಅದೇ ರಾಗ. ನಿಜಕ್ಕೂ ಸುಟ್ಟಿದ್ದು ಸ್ಪೀಡ್ ಸ್ವಿಚ್ಚಿನ ಹಿಂದಿನ ಕಪ್ಲರ್‌ನಲ್ಲಿದ್ದ, ಅಂದರೆ ತಂತಿ ಜೋಡಿಸೋ ಪ್ಲಗ್ಗಿನಲ್ಲಿದ್ದ, ಅರ್ತಿಂಗ್ (ಮೈನಸ್) ಪಿನ್.

ದಾರಿ ತಪ್ಪಿಸಿದ್ದು ಮಲ್ಟಿಮೀಟರ್. ಮೋಟರಿನ ಕಪ್ಲರ್ ಕಳಚಿ ಎರಡೂ ಪಿನ್‌ಗೆ ಮೀಟರ್ ಹಿಡಿದರೆ 12.4 ವೋಲ್ಟ್ ತೋರಿಸಿತು. ಕರೆಂಟ್ ಬರ್ತಿದೆ, ಮೋಟರ್ ತಿರುಗ್ತಿಲ್ಲ, ಹಾಗಾದ್ರೆ ಮೋಟರೇ ಕೆಟ್ಟಿದೆ ಅಂತ ಯಾರಾದರೂ ಹೇಳ್ತಾರೆ. ಆದರೆ ಕಪ್ಲರ್ ಕಳಚಿದ ಮೇಲೆ ಆ ತಂತಿಯಲ್ಲಿ ಕರೆಂಟ್ ಹರಿಯೋದೇ ಇಲ್ಲ. ಮೀಟರ್ ಎಳೆಯೋದು ಲೆಕ್ಕಕ್ಕೇ ಸಿಗದಷ್ಟು. ಹರಿವಿಲ್ಲದಿದ್ದರೆ ಸುಟ್ಟ ಪಿನ್‌ನಲ್ಲೂ ವೋಲ್ಟೇಜ್ ಇಳಿಯಲ್ಲ, ಹಾಗಾಗಿ ಕೆಟ್ಟ ಪಿನ್ ಕೂಡ ಪಾಸಾಗಿಬಿಡುತ್ತೆ. ಮೋಟರ್ ಸೇರಿಸಿ ನೋಡಿ: ಪಿನ್‌ನಲ್ಲಿ ಬರೀ ಅರ್ಧ ಓಮ್ ತಡೆ ಇದ್ದು 8 ಆಂಪಿಯರ್ ಹರಿದರೆ 4 ವೋಲ್ಟ್ ಅಲ್ಲೇ ಮಾಯ. ಅಂದರೆ ಆ ಪುಟ್ಟ ಪಿನ್‌ನಲ್ಲಿ 32 ವ್ಯಾಟ್ ಶಾಖ. ರೇಡಿಯೋ ರಿಪೇರಿಯವರ ಸೋಲ್ಡರಿಂಗ್ ಐರನ್ ಇರೋದೇ 25 ವ್ಯಾಟ್! ಪ್ಲಾಸ್ಟಿಕ್ ಕರಗಿ ಪಿನ್ ಸಡಿಲವಾಗುತ್ತೆ, ಬಿಸಿಯಾದಾಗ ಬಿಟ್ಟುಕೊಳ್ಳುತ್ತೆ, ಹಂಪ್‌ನಲ್ಲಿ ಕುಲುಕಿದಾಗ ಮತ್ತೆ ತಾಗುತ್ತೆ.

ಆದ್ದರಿಂದ ಕಪ್ಲರ್ ಕಳಚದೆ ಅಳೆಯಿರಿ. ಮೋಟರ್ ಸಾಮಾನ್ಯವಾಗಿ ಡ್ಯಾಶ್‌ಬೋರ್ಡಿನ ಎಡಗಡೆ, ಗ್ಲೋವ್ ಬಾಕ್ಸ್ ಕೆಳಗೆ ಇರುತ್ತೆ. ಕಪ್ಲರ್‌ನ ಹಿಂಬದಿಯಿಂದ, ತಂತಿ ಒಳಗೆ ಹೋಗೋ ಜಾಗದಲ್ಲಿ, ತೆಳು ಗುಂಡುಸೂಜಿ ತೂರಿಸಿ ಮೀಟರಿನ ವೈರ್ ಸಿಕ್ಕಿಸಿ. ಎಂಜಿನ್ ಚಾಲೂ ಮಾಡಿ, ಬ್ಲೋವರ್ ಫುಲ್ ಇಟ್ಟು, ಅದು ನಿಲ್ಲೋವರೆಗೂ ಕಾಯಿರಿ. ಓಡ್ತಿರುವಾಗ ಮಾತ್ರ ಅಳೆದರೆ ದೋಷ ಕಣ್ತಪ್ಪಬಹುದು. ನಿಂತಾಗಲೂ ಮೋಟರಿನ ಎರಡು ತಂತಿಗಳ ನಡುವೆ 13 ವೋಲ್ಟ್ ಆಸುಪಾಸು ಇದ್ದರೆ ಮೋಟರೇ ಕೆಟ್ಟಿದೆ: ಬ್ರಷ್ (ಮೋಟರಿನೊಳಗೆ ಕರೆಂಟ್ ಕೊಡೋ ಕಾರ್ಬನ್ ತುಂಡು) ಸವೆದಿದೆ ಅಥವಾ ಬುಷ್ (ಶಾಫ್ಟ್ ತಿರುಗೋ ಬಳೆ) ಹಿಡಿದುಕೊಂಡಿದೆ. 13 ಬರದೆ ತೀರಾ ಕಡಿಮೆಯಿದ್ದರೆ ತಂತಿ ಹಿಡಿದು ಹೋಗಿ. ಜಪಾನ್ ಮೂಲದ ಬಹಳಷ್ಟು ಕಾರುಗಳಲ್ಲಿ ಪ್ಲಸ್ ನೇರ ಮೋಟರಿಗೆ ಬರುತ್ತೆ, ರೆಸಿಸ್ಟರ್ (ಸ್ಪೀಡ್ ಕಡಿಮೆ ಮಾಡೋ ಭಾಗ), ಸ್ವಿಚ್ ಎರಡೂ ಮೈನಸ್ ಕಡೆ ಇರುತ್ತವೆ. ಈಗ ಮೀಟರಿನ ಒಂದು ತುದಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಮೋಟರಿನ ಮೈನಸ್ ತಂತಿಗೆ. ಬ್ಲೋವರ್ ಫುಲ್ ಇದ್ದಾಗ ಅರ್ಧ ವೋಲ್ಟ್ ಒಳಗಿರಬೇಕು. ಹೆಚ್ಚಿದ್ದರೆ ಸ್ವಿಚ್, ಅದರ ಕಪ್ಲರ್, ಕಾರಿನ ಲೋಹದ ಮೈಗೆ ಕೂರಿಸಿದ ಅರ್ತಿಂಗ್ ಬೋಲ್ಟ್, ಇವಿಷ್ಟೇ ಅನುಮಾನ. ಮೈನಸ್ ಕಡೆ ಸರಿಯಿದ್ದರೆ ಫ್ಯೂಸ್ ಕೂರುವ ಜಾಗ ಮತ್ತು ಇಗ್ನಿಷನ್ ಸ್ವಿಚ್ ನೋಡಿ. ಕೀ ಸ್ವಲ್ಪ ಅಲ್ಲಾಡಿಸಿದಾಗ ಬ್ಲೋವರ್ ಏರಿಳಿದರೆ ಅಲ್ಲೇ ಸಿಕ್ಕಿಬಿತ್ತು.

ಮೋಟರಿಗೆ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ ಅಂತ ಎಲ್ಲರೂ ಹೇಳ್ತಾರೆ. ನನಗೆ ಅದರಲ್ಲಿ ನಂಬಿಕೆಯಿಲ್ಲ. ತಟ್ಟಿದರೆ ಬ್ರಷ್ ಜೊತೆಗೆ ಕಪ್ಲರೂ ಕುಲುಕುತ್ತೆ, ಯಾವುದರಿಂದ ಓಡಿತು ಅಂತ ಗೊತ್ತಾಗಲ್ಲ.

ಬೇರೆ ಲಕ್ಷಣಗಳಿದ್ದರೆ ಬೇರೆ ಕಾರಣ. ಕೊನೇ ಸ್ಪೀಡ್ ಮಾತ್ರ ಓಡ್ತಿದ್ದರೆ ರೆಸಿಸ್ಟರ್ ಹೋಗಿದೆ. ಸದ್ದು ಬರ್ತಿದೆ ಗಾಳಿ ಮಾತ್ರ ಇಲ್ಲ ಅಂದರೆ ಕಸ ಕಟ್ಟಿದೆ, ಎಸಿ ಹಾಕಿದಾಗ ಮಾತ್ರ ಹೀಗಾದರೆ ಒಳಗೆ ಐಸ್ ಕಟ್ಟಿದೆ.

ಸುಟ್ಟ ಪಿನ್ ಸಿಕ್ಕಿದರೆ ಉಜ್ಜಿ, ಒತ್ತಿ ವಾಪಸ್ ಹಾಕಬೇಡಿ. ಬಿಸಿಯುಂಡ ಪಿನ್ ಸ್ಪ್ರಿಂಗ್ ಗುಣ ಕಳೆದುಕೊಂಡಿರುತ್ತೆ, ಬಿಗಿಯಾಗಿ ಹಿಡಿಯಲ್ಲ. ವೈರ್ ಸಮೇತ ಹೊಸ ಕಪ್ಲರ್ ತನ್ನಿ. ಬೆಂಗಳೂರಿಗೆ ಹೋಗೋರಿದ್ದರೆ ಹಳೇದನ್ನು ಹಿಡಿದುಕೊಂಡು ಕಾರಿನ ಬಿಡಿಭಾಗದ ಅಂಗಡಿಗಳಿರೋ ಜೆ.ಸಿ. ರಸ್ತೆಗೆ ಹೋಗಿ. ಹಳೆ ತಂತಿಯನ್ನು ತಾಮ್ರ ಹೊಳೆಯೋವರೆಗೂ ಹಿಂದಕ್ಕೆ ಕತ್ತರಿಸಿ, 2.5 ಚದರ ಮಿ.ಮೀ. ವೈರ್ ಸೇರಿಸಿ ಕ್ರಿಂಪ್ ಮಾಡಿಸಿ, ಅಂದರೆ ಲೋಹದ ಕೊಳವೆಯೊಳಗಿಟ್ಟು ಒತ್ತಿಸಿ. ಹೊಸೆದು ಟೇಪ್ ಸುತ್ತಿದರೆ ಮುಂದಿನ ಮಳೆಗಾಲಕ್ಕೆ ಅದೂ ಬಿಸಿಯಾಗುತ್ತೆ. ಸ್ವಿಚ್ಚಿನ ಕಾಲೂ ಕಪ್ಪಾಗಿದ್ದರೆ ಸ್ವಿಚ್ಚೂ ಹೊಸದೇ ಬೇಕು, ಇಲ್ಲದಿದ್ದರೆ ಅದು ಹೊಸ ಪಿನ್ನನ್ನೂ ಸುಡುತ್ತೆ.

ಇದೆಲ್ಲ ಆದ ಮೇಲೆ ಡಿಸಿ ಅಳೆಯೋ ಕ್ಲಾಂಪ್ ಮೀಟರ್ (ತಂತಿಯ ಸುತ್ತ ಹಿಡಿದು ಕರೆಂಟ್ ಅಳೆಯೋದು) ಸಿಕ್ಕರೆ ಫುಲ್ ಸ್ಪೀಡಿನಲ್ಲಿ ಮೋಟರ್ ಎಷ್ಟು ಕರೆಂಟ್ ಎಳೆಯುತ್ತೆ ನೋಡಿ. ಸಣ್ಣ ಕಾರಿಗೆ 15 ಆಂಪಿಯರ್ ದಾಟಿದರೆ, ಅಥವಾ ಕೈಯಲ್ಲಿ ತಿರುಗಿಸಿದಾಗ ಫ್ಯಾನ್ ಬಿಗಿಯೆನಿಸಿದರೆ, ಪಿನ್ ಸುಟ್ಟಿದ್ದೇ ಆ ಮೋಟರಿನಿಂದ ಇರಬಹುದು. ಆಗ, ಇಲ್ಲವೇ ಮೊದಲು ಹೇಳಿದಂತೆ ನಿಂತಾಗಲೂ 13 ವೋಲ್ಟ್ ಸಿಕ್ಕಿದ್ದರೆ ಮಾತ್ರ ಮೋಟರ್ ಕೊಳ್ಳಿ, ಲೋಕಲ್ ಆದರೂ ನಡೆಯುತ್ತೆ. ಅಂಗಡಿಯಲ್ಲೇ ಬ್ಯಾಟರಿಗೆ ಹಿಡಿದು, ತಿರುಗೋ ದಿಕ್ಕು ಹಳೇದರಂತೆಯೇ ಇದೆಯಾ, ಫ್ಯಾನ್ ಅದುರ್ತಿದೆಯಾ ನೋಡಿ ದುಡ್ಡು ಕೊಡಿ.