8 ಅಡಿ ಅಗಲದ ಮನೆಯಲ್ಲಿ ಮೊದಲು ಕೂರಬೇಕಾದ್ದು ಮೆಟ್ಟಿಲು

8 ಅಡಿ ಅಗಲ, 40 ಅಡಿ ಉದ್ದದ ಜಾಗ, ಎರಡೂ ಮಗ್ಗುಲಲ್ಲಿ ಅಂಟಿಕೊಂಡಂತೆ ಬೇರೆಯವರ ಮನೆ, ಮೂರಂತಸ್ತು ಕಟ್ಟಿದರೆ ನಾಲ್ಕು ಜನ ಇರಬಹುದೇ ಎಂದು ಕೇಳಿದ್ದೀರಿ. ಧಾರಾಳವಾಗಿ ಇರಬಹುದು. ಆದರೆ ಹಾಲು, ಅಡುಗೆಮನೆ ಎಂದು ಗೆರೆ ಎಳೆಯುವ ಮೊದಲು ಮೆಟ್ಟಿಲು ಎಲ್ಲಿ ಎಂದು ತೀರ್ಮಾನಿಸಿ. ಇಂಥ ಮನೆಗಳು ಕೆಡುವುದು ಬಹುತೇಕ ಅಲ್ಲೇ.

ಮೊದಲು ಗೋಡೆಯ ಲೆಕ್ಕ. ಎರಡೂ ಕಡೆ 9 ಇಂಚಿನ ಇಟ್ಟಿಗೆ ಗೋಡೆ ಕಟ್ಟಿದರೆ ಪ್ಲಾಸ್ಟರ್ ಸೇರಿ 19 ಇಂಚು ಹೋಯಿತು. ಒಳಗೆ ಉಳಿಯುವುದು 77 ಇಂಚು. ಭಾರವನ್ನು ಪಿಲ್ಲರುಗಳ ಮೇಲೆ ಹಾಕಿ ನಡುವೆ 4 ಇಂಚಿನ ಬ್ಲಾಕ್ ಕಟ್ಟಿದರೆ 87 ಇಂಚು, ಅಂದರೆ 7 ಅಡಿ 3 ಇಂಚು ಸಿಗುತ್ತದೆ. ಪಿಲ್ಲರು 9 ಇಂಚಿನದಾದರೆ ಒಳಕ್ಕೆ 5 ಇಂಚು ಚಾಚಿಕೊಳ್ಳುತ್ತದೆ, ಅದು ನಷ್ಟವೇನಲ್ಲ. ಎರಡು ಪಿಲ್ಲರುಗಳ ನಡುವಿನ ಆ ಕುಳಿ ಪುಸ್ತಕಕ್ಕೋ ಡಬ್ಬಿಗಳಿಗೋ ಹೇಳಿ ಮಾಡಿಸಿದ ಗೂಡು.

ಈಗ ಮೆಟ್ಟಿಲು. ಅಂತಸ್ತಿನಿಂದ ಅಂತಸ್ತಿಗೆ 10 ಅಡಿ ಎಂದಿಟ್ಟುಕೊಳ್ಳಿ. ಒಂದೊಂದು ಮೆಟ್ಟಿಲು 7 ಇಂಚು ಎತ್ತರವಾದರೆ 17 ಏರು ಬೇಕು. ಗೋಡೆಗೆ ಒತ್ತಿಕೊಂಡು ನೇರವಾಗಿ ಹತ್ತಿಸಿದರೆ 10 ಇಂಚು ಅಗಲದ 16 ಹಾಸು ಸೇರಿ 13 ಅಡಿ 4 ಇಂಚು ಉದ್ದ ತಿನ್ನುತ್ತದೆ. ಎರಡೂವರೆ ಅಡಿ ಅಗಲದ ಮೆಟ್ಟಿಲ ಪಕ್ಕ ಉಳಿಯುವ ಪಟ್ಟಿ ಬರೀ ಓಡಾಟಕ್ಕಾಗುತ್ತದೆ, ವಾಸಕ್ಕಲ್ಲ. ಪ್ರತಿ ಅಂತಸ್ತಿನಲ್ಲೂ ಅದೇ ಕಥೆ.

ಹಾಗಾಗಿ ನನ್ನ ಸಲಹೆ: ಮನೆಯ ನಟ್ಟನಡುವೆ, 3 ಅಡಿ ಅಗಲದ ಎರಡು ಸಾಲಾಗಿ, ಅರ್ಧದಲ್ಲಿ ತಿರುಗುವ ಮೆಟ್ಟಿಲು. ಉದ್ದದಲ್ಲಿ 10 ಅಡಿಯೊಳಗೆ ಮುಗಿಯುತ್ತದೆ. ಮುಂದೊಂದು ಹಿಂದೊಂದು, ತಲಾ 14 ಅಡಿಗೂ ಹೆಚ್ಚು ಉದ್ದದ ಪೂರ್ತಿ ಅಗಲದ ಕೋಣೆ ಸಿಗುತ್ತವೆ. ಇಲ್ಲೇ ಎಡವುವವರು ಹೆಚ್ಚು. ಮೆಟ್ಟಿಲು ತಿರುಗುವ ಕಟ್ಟೆ ನಾಲ್ಕೂಮುಕ್ಕಾಲು ಅಡಿ ಎತ್ತರದಲ್ಲಿ ಇಡೀ ಅಗಲಕ್ಕೆ ಅಡ್ಡ ಕೂತು, ಹಿಂದಿನ ಕೋಣೆಗೆ ಹೋಗಲು ದಾರಿಯೇ ಇರುವುದಿಲ್ಲ. ಅದಕ್ಕೆ ಉಪಾಯವೆಂದರೆ ಹಿಂದಿನ ಕೋಣೆಗಳ ನೆಲವನ್ನೇ ಆ ಕಟ್ಟೆಯ ಮಟ್ಟಕ್ಕೆ ಎತ್ತುವುದು. ಮುಂದಿನ ಕೋಣೆಯಿಂದ ಅರ್ಧ ಹತ್ತಿದರೆ ಹಿಂದಿನದು, ಇನ್ನರ್ಧ ಹತ್ತಿದರೆ ಮುಂದಿನದರ ಮೇಲಿನದು. ಓಣಿ ಬೇಕಿಲ್ಲ. ತೀರ ಕೆಳಗೆ ಹಿಂಬದಿಯಲ್ಲಿ ಉಳಿಯುವ ನಾಲ್ಕು ಅಡಿ ಚಿಲ್ಲರೆ ಎತ್ತರದ ಜಾಗಕ್ಕೆ ನೀರಿನ ತೊಟ್ಟಿ, ಪಂಪು, ಸೈಕಲ್ಲು. ಒಂದು ಎಚ್ಚರಿಕೆ: ಮಟ್ಟ ಹೀಗೆ ಏರುಪೇರಾದಾಗ ಕೆಲವು ಪಿಲ್ಲರುಗಳು ಗಿಡ್ಡವಾಗುತ್ತವೆ, ಭೂಕಂಪದಲ್ಲಿ ಮೊದಲು ಸೀಳುವುದು ಅವೇ. ಇದು ಮೇಸ್ತ್ರಿಯ ಅಂದಾಜಿಗೆ ಬಿಡುವ ಕೆಲಸವಲ್ಲ, ಸ್ಟ್ರಕ್ಚರಲ್ ಎಂಜಿನಿಯರ್ ಬೇಕೇ ಬೇಕು.

ಬೆಳಕೂ ಇದೇ ಮೆಟ್ಟಿಲನ್ನು ಅವಲಂಬಿಸಿದೆ. ಕಿಟಕಿಯ ಮೇಲಂಚು ಎಷ್ಟು ಎತ್ತರವೋ ಅದರ ಎರಡರಷ್ಟು ದೂರದವರೆಗೆ ಹಗಲ ಬೆಳಕು ಚೆನ್ನಾಗಿ ಬರುತ್ತದೆ ಎಂಬುದು ಸ್ಥೂಲ ಲೆಕ್ಕ. 7 ಅಡಿ ಎತ್ತರದ ಕಿಟಕಿಗೆ 14 ಅಡಿ. ಅಂದರೆ ಕತ್ತಲಾಗುವುದು ನಡುವಿನ ಹತ್ತು ಹನ್ನೆರಡು ಅಡಿ, ಮೆಟ್ಟಿಲಿರುವ ಜಾಗವೇ. ಎರಡು ಸಾಲುಗಳ ನಡುವೆ 15 ಇಂಚು ತೆರಪು ಬಿಟ್ಟು ತಾರಸಿಯಲ್ಲಿ ಗಾಜಿನ ಗವಾಕ್ಷಿ ಇಟ್ಟರೆ ಬೆಳಕು ತಳದವರೆಗೆ ಇಳಿಯುತ್ತದೆ. ಗಾಜಿನ ಸುತ್ತ ತಾರಸಿಗಿಂತ 6 ಇಂಚು ಎತ್ತರದ ಕಟ್ಟೆ ಇರಲಿ, ಇಲ್ಲದಿದ್ದರೆ ಮೊದಲ ಮಳೆಗೇ ಸೋರುತ್ತದೆ. ಪಕ್ಕದಲ್ಲಿ ತೆರೆಯುವ ಜಾಲರಿ ಕಿಟಕಿಯೂ ಬೇಕು. ಬಿಸಿಗಾಳಿ ಮೇಲೆ ಹೋಗುತ್ತಾ ಕೆಳಗಿನಿಂದ ತಂಪು ಗಾಳಿ ಎಳೆದುಕೊಳ್ಳುತ್ತದೆ. ತೆರಪಿನ ಕಂಬಿಗಳ ನಡುವೆ 4 ಇಂಚಿಗಿಂತ ಹೆಚ್ಚು ಸಂದು ಬಿಡಬೇಡಿ, ಮಗುವಿನ ತಲೆ ತೂರುತ್ತದೆ. ಜಪಾನಿನ ಕ್ಯೋಟೋದ ಹಳೆಯ ಮನೆಗಳೂ ಹೀಗೇ ನೀಳ, ‘ಹಾವುಮೀನಿನ ಹಾಸಿಗೆ’ ಎಂದೇ ಅವಕ್ಕೆ ಹೆಸರು. ಅಲ್ಲಿ ಇದೇ ಕೆಲಸವನ್ನು ನಡುವಿನ ಪುಟ್ಟ ತೆರೆದ ಅಂಗಳ ಮಾಡುತ್ತದೆ.

ಈ ತೆರಪಿಗೆ ಒಂದು ದೋಷವಿದೆ: ಬೆಂಕಿ ಬಿದ್ದರೆ ಅದೇ ಚಿಮಣಿ. ಅಡುಗೆಮನೆಗೂ ಮೆಟ್ಟಿಲಿಗೂ ನಡುವೆ ತಾನಾಗಿ ಮುಚ್ಚಿಕೊಳ್ಳುವ ಬಾಗಿಲು, ಪ್ರತಿ ಅಂತಸ್ತಿಗೂ ಹೊಗೆ ಅಲಾರಾಂ ಇರಲಿ.

ಮಂಚದ ವಿಷಯ. ಪಿಲ್ಲರುಗಳ ನಡುವೆ ಎದುರುಬದುರು 77 ಇಂಚು ಇರುವುದರಿಂದ 75 ಇಂಚಿನ ಹಾಸಿಗೆ ಅಡ್ಡಡ್ಡ ಕೂರುತ್ತದೆ, 78 ಇಂಚಿನದು ಕೂರುವುದಿಲ್ಲ. ತಲೆಹಲಗೆ ಇಲ್ಲದ ಮಂಚ ತೊಗೊಳ್ಳಿ, ಕೋಣೆಯ ತುದಿಯಲ್ಲಷ್ಟೇ ಅಡ್ಡ ಹಾಕಿ. ಒಳಗಡೆ ಮಲಗಿದವರು ರಾತ್ರಿ ಎದ್ದರೆ ಇನ್ನೊಬ್ಬರನ್ನು ದಾಟಲೇಬೇಕು, ಅದಕ್ಕೆ ಪರಿಹಾರವಿಲ್ಲ. ಅಡುಗೆ ಕಟ್ಟೆ ಒಂದೇ ಬದಿಗೆ 2 ಅಡಿ, ಎದುರಿಗೆ ಒಂದಡಿ ಆಳದ ಕಪಾಟು ಸಾಕು. ಕೋಣೆಗಳಿಗೆ ಸರಿಸುವ ಬಾಗಿಲು. ಬಚ್ಚಲಿನದು ಮಾತ್ರ ಹೊರಕ್ಕೆ ತೆರೆಯಲಿ, ಒಳಕ್ಕೆ ತೆರೆಯುವ ಬಾಗಿಲನ್ನು ಒಳಗೆ ಯಾರಾದರೂ ಬಿದ್ದರೆ ತಳ್ಳಲು ಆಗುವುದಿಲ್ಲ.

ದೊಡ್ಡ ಬೀರು ಮೆಟ್ಟಿಲಿನ 3 ಅಡಿಯ ಕಟ್ಟೆಯಲ್ಲಿ ತಿರುಗುವುದಿಲ್ಲ. ಆಮ್‌ಸ್ಟರ್‌ಡಾಮಿನ ಕಾಲುವೆ ಬದಿಯ ಮನೆಗಳ ನೆತ್ತಿಯಲ್ಲಿ ತೊಲೆಯೊಂದು ಕೊಕ್ಕೆ ಸಮೇತ ಚಾಚಿರುತ್ತದಲ್ಲ, ಸಾಮಾನನ್ನು ಹಗ್ಗ ಕಟ್ಟಿ ಕಿಟಕಿಯಿಂದ ಒಳಗೆ ಎಳೆದುಕೊಳ್ಳಲಿಕ್ಕೆ ಅದು. ನೀವೂ ಮುಂದಿನ ಒಂದು ಕಿಟಕಿಯ ಚೌಕಟ್ಟನ್ನು ಬಿಚ್ಚುವಂತೆ ಮಾಡಿಸಿ.

ಕೊನೆಗೆ, ಪಕ್ಕದ ಮನೆಯ ನಡುವಿನ ಸಂದು. ಅಲ್ಲಿ ಕೈ ಹೋಗದ ಕಾರಣ ಹೊರಗಿನ ಪ್ಲಾಸ್ಟರ್ ಆಗುವುದಿಲ್ಲ, ಮಳೆನೀರು ಇಳಿದು ಎರಡೂ ಮನೆಗೆ ಥಂಡಿ ಹಿಡಿಯುತ್ತದೆ. ಮೇಲ್ತುದಿಯಲ್ಲಿ ತಗಡಿನ ಮುಚ್ಚಿಗೆ ಹಾಕಿಸಿ, ಆದರೆ ಒಂದೇ ಗೋಡೆಗೆ ಮೊಳೆ ಹೊಡೆಸಿ. ಎರಡಕ್ಕೂ ಬಿಗಿದರೆ ಕಟ್ಟಡ ತುಸು ಅಲುಗಿದರೂ ಹರಿಯುತ್ತದೆ. ಪಾಯ ತೋಡುವಾಗ ಪಕ್ಕದವರ ಗೋಡೆಯುದ್ದಕ್ಕೂ ಒಂದೇ ಸಲ ಅಗೆಸಬೇಡಿ; ನಾಲ್ಕೈದು ಅಡಿಯ ತುಂಡು ತೋಡಿ, ತುಂಬಿಸಿ, ಗಟ್ಟಿಯಾದ ಮೇಲೆ ಮುಂದಿನದು.