ಜೈಲಿಗೆ ದಿನಸಿ: ದರ ಬರೆಯುವ ಮುಂಚೆ

ಪ್ರಶ್ನೆ: ಸಾರ್, ಕುಶಾಲನಗರದಲ್ಲಿ ನಮ್ಮದು ದಿನಸಿ ಹೋಲ್‌ಸೇಲ್ ಅಂಗಡಿ. ಮಡಿಕೇರಿ ಜಿಲ್ಲಾ ಕಾರಾಗೃಹದ ದಿನಸಿ ಟೆಂಡರ್ ಕರೆದಾಗ ಹಾಕೋಣ ಅಂತ ಆಸೆ. ಅಪ್ಪ ಬೇಡ ಅಂತಾರೆ. ಸರ್ಕಾರದ ದುಡ್ಡು ತಡ, ಜೈಲಿಗೆ ಕಳಪೆ ಮಾಲು ಹಾಕೋರೇ ಗೆಲ್ಲೋದು ಅನ್ನೋದು ಅವರ ವಾದ. ಏನು ಮಾಡಲಿ?
– ಓದುಗ, ಕುಶಾಲನಗರ

ಉತ್ತರ: ಹಾಕಿ. ಅಪ್ಪನ ಮೊದಲ ಮಾತು ಮಾತ್ರ ನಿಜ. ಬಿಲ್ಲು ಸರ್ಕಾರದ ಆನ್‌ಲೈನ್ ಖಜಾನೆ ವ್ಯವಸ್ಥೆ ಖಜಾನೆ-2ರಲ್ಲಿ ಪಾಸಾಗಬೇಕು, ಅನುದಾನವೂ ಇರಬೇಕು. ಮಾರ್ಚ್ ಕೊನೆಗೆ ಅನುದಾನ ಖಾಲಿಯಾಗಿದ್ದರೆ ಮುಂದಿನ ಆರ್ಥಿಕ ವರ್ಷದ ಅನುದಾನಕ್ಕೆ ಕಾಯಬೇಕು. ಕೆಲವು ತಿಂಗಳು ಕೈಯಿಂದ ದುಡ್ಡು ಹಾಕಿ ತಡೆದುಕೊಳ್ಳುವ ಶಕ್ತಿ ಇಲ್ಲದಿದ್ದರೆ ಸುಮ್ನೆ ಇಳಿಯಬೇಡಿ.

ಕಾಗದಪತ್ರ ಅಷ್ಟೇನೂ ಕಷ್ಟವಲ್ಲ. ರಾಜ್ಯ ಸರ್ಕಾರದ ಟೆಂಡರ್‌ಗಳ ಕೆಪಿಪಿಪಿ ಪೋರ್ಟಲ್‌ನಲ್ಲಿ ನೋಂದಣಿ, ಡಿಜಿಟಲ್ ಸಹಿ, ಜಿಎಸ್‌ಟಿ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ) ಪರವಾನಗಿ ಮೊದಲೇ ಸಿದ್ಧ ಇರಲಿ. ಎರಡು ಲಕೋಟೆ ಪದ್ಧತಿಯಾದರೆ ಮೊದಲು ದಾಖಲೆ ನೋಡ್ತಾರೆ. ಅಲ್ಲಿ ಪಾಸಾದವರ ದರ ಮಾತ್ರ ತೆರೆಯುತ್ತಾರೆ.

ಹಾಸ್ಟೆಲ್, ಆಸ್ಪತ್ರೆಗಳಿಗೆ ದಿನಸಿ ಹಾಕಿಯೇ ತಲೆ ಬೆಳ್ಳಗಾದವನು ನಾನು. ಸಣ್ಣ ವ್ಯಾಪಾರಿ ಮುಳುಗೋದು ದರದಲ್ಲಿ. ಒಮ್ಮೆ ಬರೆದ ದರ ಅವಧಿ ಮುಗಿಯುವವರೆಗೂ ಬದಲಾಗಲ್ಲ ಅನ್ನೋ ಷರತ್ತು ಸಾಮಾನ್ಯವಾಗಿ ಇದ್ದೇ ಇರುತ್ತೆ. ಕಲಬುರಗಿಯ ಹೊಸ ತೊಗರಿ ಬಂದಾಗ ಬೇಳೆ ಅಗ್ಗ ಅಂತ ಆ ದರ ಬರೆದರೆ ಮಳೆಗಾಲದಲ್ಲಿ ಅಳಬೇಕಾಗುತ್ತೆ. 2015ರ ಅಕ್ಟೋಬರ್‌ನಲ್ಲಿ ತೊಗರಿಬೇಳೆ ಕೆಜಿಗೆ 200 ರೂಪಾಯಿ ಹತ್ತಿರ ಹೋಗಿತ್ತು, ನೆನಪಿದೆಯಾ? ಆಗ 'ದರ ಏರಿಸಿ ಸ್ವಾಮಿ' ಅಂದರೆ ಕೇಳೋರಿಲ್ಲ. ಪೂರೈಕೆ ನಿಲ್ಲಿಸಿದರೆ ಠೇವಣಿ ಹೋಗುತ್ತೆ.

ದರ ಅಂದರೆ ಜೈಲಿನ ಬಾಗಿಲಿಗೆ ತಲುಪಿಸಿ, ಇಳಿಸಿಕೊಡುವ ದರವಾ? ಓದಿ ನೋಡಿ. ಕುಶಾಲನಗರದಿಂದ ಮಡಿಕೇರಿಗೆ ಸುಮಾರು 30 ಕಿ.ಮೀ., ಅದೂ ಏರು ದಾರಿ. ಹಮಾಲಿ ಕೂಲಿ ಬೇರೆ. 2018, 2019ರ ಆಗಸ್ಟ್‌ನಲ್ಲಿ ಕಾವೇರಿ ನಿಮ್ಮೂರಿನ ಬಡಾವಣೆಗಳಿಗೆ ನುಗ್ಗಿದ್ದು ನೀವೇ ಕಂಡಿದ್ದೀರಿ. ಹಾಗಾಗಿ ಜೂನ್‌ನಿಂದ ಗೋದಾಮು ಎತ್ತರದ ಜಾಗದಲ್ಲಿರಲಿ. ರವೆಯನ್ನು ಮಾತ್ರ ಜಾಸ್ತಿ ತುಂಬಿಡಬೇಡಿ. ನಮ್ಮ ಮಳೆಗೆ ಬೇಗ ಹುಳ ಬೀಳುತ್ತೆ.

ಇನ್ನೊಂದು, ಐಟಂವಾರು ಕಡಿಮೆ ದರ ನೋಡ್ತಾರಾ, ಒಟ್ಟು ಮೊತ್ತ ನೋಡ್ತಾರಾ? ಐಟಂವಾರು ಆದರೆ ನಿಮಗೆ ನಷ್ಟವಾಗುವ ಜೀರಿಗೆಯೊಂದೇ ನಿಮ್ಮ ಪಾಲಿಗೆ ಬರಬಹುದು! 'ಅಂದಾಜು ಪ್ರಮಾಣ' ಅಂತ ಬರೆದದ್ದನ್ನೂ ನಂಬಿ ಲೋಡ್ ತರಿಸಬೇಡಿ. ಬಂದಿಗಳು ಹೆಚ್ಚು ಕಡಿಮೆ ಆದಂತೆ ಜೈಲಿನವರು ಕಳಿಸುವ ಬೇಡಿಕೆ ಪಟ್ಟಿ, ಅಂದರೆ ಇಂಡೆಂಟೂ ಬದಲಾಗುತ್ತೆ.

ಕಳಪೆ ಮಾಲಿನ ಮಾತು ನಾನು ಒಪ್ಪಲ್ಲ. ಮಾದರಿ ಕೇಳಿದ ಕಡೆ ನೀವು ಕೊಟ್ಟ ಬೇಳೆಯನ್ನು ಪೊಟ್ಟಣ ಕಟ್ಟಿ, ಸೀಲ್ ಹಾಕಿ ಇಟ್ಟುಕೊಂಡಿರ್ತಾರೆ. ಲೋಡ್ ಬಂದಾಗ ಸ್ಟೋರ್‌ನವರು ಮೂಟೆಗೆ ಮೊನೆಯ ಕೊಳವೆ ಚುಚ್ಚಿ, ಒಂದಿಷ್ಟು ಅಂಗೈಗೆ ಸುರಿದುಕೊಂಡು ಆ ಮಾದರಿಯ ಪಕ್ಕದಲ್ಲಿ ಹಿಡಿದು ನೋಡ್ತಾರೆ. ಮೇಲೆ ಒಳ್ಳೇದು, ಅಡಿಯಲ್ಲಿ ನುಚ್ಚು ತುಂಬಿದವನು ಅಲ್ಲೇ ಸಿಕ್ಕಿಬೀಳ್ತಾನೆ. ವಾಪಸ್ ಸಾಗಿಸೋ ಖರ್ಚೂ ಅವನದೇ. ಅದೂ ಅಲ್ಲದೆ, ಒಳಗಿರೋರಿಗೆ ಅಂಗಡಿ ಬದಲಾಯಿಸೋ ಅವಕಾಶ ಇಲ್ಲ. ಅಂಥವರ ತಟ್ಟೆಗೆ ಕಲ್ಲು ಹಾಕಿ ಲಾಭ ಮಾಡೋದಾದರೆ ಈ ವ್ಯಾಪಾರಕ್ಕೆ ಬರಲೇಬೇಡಿ.

ಟೆಂಡರ್ ಒಪ್ಪಿದ ಆದೇಶದಲ್ಲಿ ನಿಮಗೆ ಅನ್ಯಾಯ ಕಂಡರೆ, ಸರ್ಕಾರಿ ಖರೀದಿಗೆ ಸಂಬಂಧಿಸಿದ ಕರ್ನಾಟಕದ 1999ರ ಪಾರದರ್ಶಕತೆ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಆದೇಶ ಕೈಸೇರಿದ 30 ದಿನದೊಳಗೆ ಮೇಲ್ಮನವಿ ಹಾಕಬಹುದು.