ಹಿಂದೆ ಐರ್ಲೆಂಡಿನ ಹಳ್ಳಿಗಳಲ್ಲಿ ಜೊಂಡಿನಿಂದ ದೀಪ ಮಾಡುವಾಗ ಒಂದು ಎಳೆ ಸಿಪ್ಪೆಯನ್ನು ಸುಲಿಯದೆ ಬಿಡುತ್ತಿದ್ದರಂತೆ, ಯಾಕೆ?

ಒಳಗಿನ ತಿರುಳು ಮುರಿಯದೆ ನಿಲ್ಲಲಿ ಅಂತ, ಅಷ್ಟೇ. ಜೊಂಡಿನ ತಿರುಳು ಸ್ಪಂಜಿನ ಹಾಗೆ ಮೆತ್ತಗೆ, ಮುಟ್ಟಿದರೆ ಬಾಗುತ್ತದೆ. ಹಾಗಂತ ಸಿಪ್ಪೆ ಪೂರ್ತಿ ಉಳಿಸಿದರೆ ಕೊಬ್ಬು ಒಳಗೆ ಇಳಿಯುವುದಿಲ್ಲ. ಅದಕ್ಕೇ ಆಸರೆಗೆ ಒಂದೇ ಪಟ್ಟಿ.

ಬೇಸಿಗೆಯ ಕೊನೆಗೆ ಜೊಂಡು ಕೊಯ್ದು, ನೀರಲ್ಲಿ ನೆನೆಸಿ, ಸುಲಿದು, ಒಣಗಿಸಿ, ಆಮೇಲೆ ದೋಣಿ ಆಕಾರದ ಕಬ್ಬಿಣದ ಪಾತ್ರೆಯಲ್ಲಿ ಕರಗಿಸಿದ ಕೊಬ್ಬಿನಲ್ಲಿ ಅದ್ದಿ ತೆಗೆಯುತ್ತಿದ್ದರು. ಕುರಿ ಕೊಬ್ಬು ಬೇಗ ಗಟ್ಟಿಯಾಗುತ್ತದೆ, ಹಾಗಾಗಿ ಅದು ಒಳ್ಳೆಯದು. ತಿರುಳಿನ ಸಣ್ಣ ತೂತುಗಳಲ್ಲಿ ಈ ಕೊಬ್ಬು ತುಂಬಿ ನಿಲ್ಲುತ್ತದೆ. ಹಚ್ಚಿದಾಗ ಬಿಸಿಗೆ ಕರಗಿ, ಆವಿಯಾಗಿ ಉರಿಯುತ್ತದೆ. ಬತ್ತಿಯೂ ಅದೇ, ಎಣ್ಣೆಯೂ ಅದರಲ್ಲೇ ಇದೆ, ಬುದ್ಧಿವಂತಿಕೆ ಅಲ್ವಾ?

ಕಬ್ಬಿಣದ ಇಕ್ಕಳದಲ್ಲಿ ಓರೆಯಾಗಿ ಸಿಕ್ಕಿಸಿ, ಉರಿದ ಹಾಗೆಲ್ಲ ಯಾರಾದರೂ ಮುಂದಕ್ಕೆ ಸರಿಸುತ್ತಾ ಇರಬೇಕಿತ್ತು. ಒಳ್ಳೆ ಉದ್ದದ್ದಾದರೆ ಅರ್ಧ ಗಂಟೆಯೋ, ಸ್ವಲ್ಪ ಜಾಸ್ತಿಯೋ ಬರುತ್ತಿತ್ತು. ಬೆಳಕು ಮಂಕು, ಕೊಬ್ಬಿನ ವಾಸನೆ ಬೇರೆ. ಆದರೆ ಮೇಣದಬತ್ತಿಗೆ ದುಡ್ಡು ಬೇಕು, ಜೊಂಡು ಜೌಗು ನೆಲದಲ್ಲಿ ಪುಕ್ಕಟೆ ಸಿಗುತ್ತಿತ್ತು. ಸೀಮೆಎಣ್ಣೆ ದೀಪ ಬಂದ ಮೇಲೆ ಇದರ ಬಳಕೆ ಕಡಿಮೆಯಾಯಿತು. ಹಳ್ಳಿಗಳಿಗೆ ಕರೆಂಟ್ ಎಳೆಯುವ ಸರ್ಕಾರಿ ಯೋಜನೆಯಂತೂ ಶುರುವಾಗಿದ್ದೇ 1946ರಲ್ಲಿ.